ನಿತ್ಯಸುಖ ಮೀಮಾಂಸೆ ಅಥವಾ ಲಾಲ್‌ಬಾಗಿನ ಕಲ್ಲುಬೆಂಚಿನ ದಿನಚರ್ಯಾಶಾಸ್ತ್ರ

ಪೀಠಿಕೆ

ದಿನವೂ ಏನೇನು ಮಾಡಿದರೆ ಮನುಷ್ಯ ಸುಖವಾಗಿರುತ್ತಾನೆ ಎಂಬ ವಿಷಯವಾಗಿ ಇದುವರೆಗೆ ಹೊರಬಂದಿರುವ ಗ್ರಂಥಗಳಿಗೆಲ್ಲ ಒಂದೇ ದೋಷ ಅಂಟಿಕೊಂಡಿದೆ. ಬರೆದವರಲ್ಲಿ ಒಬ್ಬರೂ ಬೆಳಿಗ್ಗೆ ಆರೂವರೆ ಹೊತ್ತಿಗೆ ಲಾಲ್‌ಬಾಗಿನ ಪಶ್ಚಿಮ ದ್ವಾರದಲ್ಲಿ ಒಳಬಂದು, ಮಂಕಿ ಕ್ಯಾಪು ಸರಿಪಡಿಸಿಕೊಂಡು, ಕಲ್ಲುಬೆಂಚಿನ ಮೇಲೆ ಕೂತವರಲ್ಲ. ಹೀಗಾಗಿ ಅವರ ಸಿದ್ಧಾಂತಗಳೆಲ್ಲ ಅನುಮಾನ ಪ್ರಮಾಣದ ಮೇಲೆ ನಿಂತಿವೆ. ನಮ್ಮದು ಪ್ರತ್ಯಕ್ಷ.

2012ರಿಂದ ವಿಶ್ವ ಸಂತೋಷ ವರದಿ ಎಂಬುದೊಂದು ಹೊರಬರುತ್ತಿದೆ. ಅದರ ಮೂಲಾಧಾರ ಒಂದು ಏಣಿ. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲುಗಳಿರುವ ಏಣಿಯನ್ನು ಕಲ್ಪಿಸಿಕೊಳ್ಳಿ, ನಿಮ್ಮ ಬದುಕು ಈಗ ಎಷ್ಟನೇ ಮೆಟ್ಟಿಲ ಮೇಲಿದೆ ಹೇಳಿ ಎಂದು ಕೇಳುತ್ತಾರೆ. 2018ರಿಂದ 2025ರವರೆಗೆ ಬಿಡದೆ ಫಿನ್ಲೆಂಡಿನವರೇ ಮೊದಲು ಬಂದರು. 2025ರಲ್ಲಿ ಭಾರತದ್ದು 118ನೇ ಸ್ಥಾನ. ಇದೇ ಪ್ರಶ್ನೆಯನ್ನು ನಮ್ಮ ಬೆಂಚಿನ ಮುಂದಿಟ್ಟಾಗ ನಿವೃತ್ತ ಬ್ಯಾಂಕ್ ಮ್ಯಾನೇಜರು, “ಏಣಿ ಹತ್ಬೇಡಿ ಅಂತ ಮೂಳೆ ಡಾಕ್ಟ್ರು ಹೇಳಿದಾರೆ ಸ್ವಾಮಿ, ನನ್ನ ಕೆಳಗೇ ಬರ್ಕೊಳಿ” ಎಂದರು. ದೇಶದ ಸ್ಥಾನ ಕುಸಿಯಲು ಇಂಥ ಉತ್ತರಗಳೂ ಕಾರಣವಿದ್ದಾವು ಎಂಬುದು ನಮ್ಮ ವಿನಮ್ರ ಊಹೆ.

ಪ್ರಯೋಗಶಾಲೆಯ ಬಗ್ಗೆ ಎರಡು ಮಾತು. 1760ರಲ್ಲಿ ಹೈದರಾಲಿ ಆರಂಭಿಸಿದ ತೋಟ ಇದು; ಈಗ 240 ಎಕರೆ. ಒಳಗೆ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಬಂಡೆಗೆ ಭೂವಿಜ್ಞಾನಿಗಳು ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸು ಹೇಳುತ್ತಾರೆ. ಅದರ ಮೇಲೆ ಕೂತು “ನಮ್ಮ ಕಾಲ ಹೀಗಿರಲಿಲ್ಲ ಕಣ್ರೀ” ಎನ್ನುವವರನ್ನು ಆ ಬಂಡೆ ಹೇಗೆ ಸಹಿಸಿಕೊಂಡಿದೆಯೋ!

ಅಧಿಕಾರಿ ನಿರ್ಣಯ

ಶಾಸ್ತ್ರವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ವಿಷಯ ಸುಖ. ಪ್ರಯೋಜನವೂ ಸುಖವೇ. ಸಂಬಂಧದ ಬಗ್ಗೆ ಬೆಂಚಿನ ಮೇಲೆ ದಿನವೂ ಚರ್ಚೆಯಾಗುವುದರಿಂದ, ಅದರಲ್ಲೂ ಬೀಗರ ಕಡೆಯವರ ಹೆಸರು ಬರುವುದರಿಂದ, ಇಲ್ಲಿ ಬಿಟ್ಟಿದ್ದೇವೆ. ಉಳಿಯಿತು ಅಧಿಕಾರಿ, ಅಂದರೆ ಈ ಶಾಸ್ತ್ರ ಓದಲು ಯೋಗ್ಯನಾದವನು. ಅವನ ಲಕ್ಷಣ ಹೀಗೆ: ವಯಸ್ಸು ಅರವತ್ತು ದಾಟಿರಬೇಕು, ಡಾಕ್ಟರು ಚೀಟಿಯ ಕೊನೆಯಲ್ಲಿ, ಮಾತ್ರೆಗಳ ಕೆಳಗೆ, “ವಾಕಿಂಗ್” ಎಂದು ಬರೆದು ಅಡಿಗೆರೆ ಎಳೆದಿರಬೇಕು, ಮಗ ಅಮೆರಿಕದಿಂದ ಕಳಿಸಿದ ಷೂ ಒಂದು ಸೈಜು ದೊಡ್ಡದಿರಬೇಕು. ಮಗ ಬೆಂಗಳೂರಿನಲ್ಲೇ ಇದ್ದರೆ ಷೂ ಸರಿಯಾಗಿರುತ್ತದೆ, ಆದರೆ ಮಗನನ್ನು ನೋಡುವುದು ಭಾನುವಾರ ಮಾತ್ರ. ಎರಡೂ ಪಕ್ಷಗಳಲ್ಲಿ ಅಧಿಕಾರ ಸಿದ್ಧವಾಗುತ್ತದೆ.

ಕಾಲ ಪ್ರಕರಣ

ಸುಖಾರ್ಥಿ ಎಷ್ಟು ಹೊತ್ತಿಗೆ ಏಳಬೇಕು? ವಾಗ್ಭಟ ತನ್ನ ಅಷ್ಟಾಂಗಹೃದಯದ ಸೂತ್ರಸ್ಥಾನದ ಎರಡನೆಯ ಅಧ್ಯಾಯವನ್ನು ಇಡಿಯಾಗಿ ದಿನಚರ್ಯೆಗೇ ಮೀಸಲಿಟ್ಟು, ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂದು ವಿಧಿಸಿದ್ದಾನೆ. ಮುಹೂರ್ತ ಅಂದರೆ 48 ನಿಮಿಷ. ಸೂರ್ಯೋದಯಕ್ಕೆ ಎರಡು ಮುಹೂರ್ತ ಇರುವಾಗ ಅದು ಶುರು. ಜನವರಿಯ ಚಳಿಯಲ್ಲಿ ಬೆಂಗಳೂರಿನ ಸೂರ್ಯ ಹುಟ್ಟುವುದೇ ಆರೂಮುಕ್ಕಾಲರ ಸುಮಾರಿಗೆ. ಅಂದಮೇಲೆ ಐದೂಕಾಲಕ್ಕಿಂತ ಮುಂಚೆಯೇ ಎದ್ದಿರಬೇಕಾಯಿತು. ಆದರೆ ಈ ವಿಧಿಗೆ ವಾಗ್ಭಟ ಆರೋಗ್ಯವಂತನಾಗಿದ್ದವನು ಎಂಬ ವಿಶೇಷಣ ಸೇರಿಸಿದ್ದಾನೆ. ಬೆಂಚಿನ ಸದಸ್ಯರಲ್ಲಿ ಬಿ.ಪಿ., ಶುಗರ್, ಎರಡೂ ಇಲ್ಲದವರು ಯಾರೂ ಇಲ್ಲವಾದ್ದರಿಂದ, ವಿಧಿ ತಮಗೆ ಅನ್ವಯಿಸುವುದಿಲ್ಲವೆಂದು ಎಲ್ಲರೂ ಆರು ಗಂಟೆಗೆ ಏಳುತ್ತಾರೆ. ಶಾಸ್ತ್ರವನ್ನು ಹೀಗೆ ಸೂಕ್ಷ್ಮವಾಗಿ ಓದುವವರು ಈಗ ಕಡಿಮೆ.

ಈ ಪ್ರಕರಣ ಬರೆಯುತ್ತಿದ್ದಾಗ ಅಡುಗೆಮನೆಯಿಂದ ಒಂದು ಪೂರ್ವಪಕ್ಷ ಬಂತು. “ರೀ, ನೀವು ಸುಖದ ಅಭ್ಯಾಸ ಮುಗಿಸ್ಕೊಂಡು ಬರೋ ಹೊತ್ಗೆ ನಾನು ಹಾಲು ಕಾಯ್ಸಿ, ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಎರಡು ಡಬ್ಬಿ ಕಟ್ಟಿರ್ತೀನಿ. ಅದನ್ನೂ ನಿಮ್ ಗ್ರಂಥದಲ್ಲಿ ಬರ್ಕೊಳಿ.” ಬರೆದುಕೊಂಡಿದ್ದೇವೆ. ಬ್ರಾಹ್ಮೀ ಮುಹೂರ್ತದಲ್ಲಿ ಈ ಊರಿನಲ್ಲಿ ನಿಜಕ್ಕೂ ಎದ್ದಿರುವವರು ಯಾರು ಎಂಬುದನ್ನು ಕುಕ್ಕರಿನ ಕೂಗಿನಿಂದ ಎಣಿಸಬಹುದು. ಯಾವ ಸುಖಶಾಸ್ತ್ರಜ್ಞನೂ ಎಣಿಸಿದಂತೆ ಕಾಣುವುದಿಲ್ಲ. ಪೂರ್ವಪಕ್ಷಕ್ಕೆ ಉತ್ತರ ಹೊಳೆಯದಿದ್ದಾಗ ಮುಂದಿನ ಪ್ರಕರಣಕ್ಕೆ ಹೋಗುವುದು ಭಾಷ್ಯಕಾರರ ಸಂಪ್ರದಾಯ.

ಹೋಗುವ ಮುಂಚೆ ಒಂದು ಉಪಕಥೆ. ಬೆಳಿಗ್ಗೆ ರೇಡಿಯೋ ಹಾಕಿಕೊಂಡು ಹಲ್ಲುಜ್ಜುವುದು ಎರಡು ತಲೆಮಾರಿನ ಕನ್ನಡಿಗರಿಗೆ ಅಂಟಿದ್ದ ಸುಖದ ಚಟ. ಅದರ ಮೂಲಕ್ಕೆ ಹೋದರೆ ಸಿಗುವವರು ಮೈಸೂರಿನ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ಶುರು ಮಾಡಿದ ಅವರು ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದದ್ದು ಮನಶ್ಶಾಸ್ತ್ರವನ್ನು. ಜನರಿಗೆ ಅಭ್ಯಾಸ ಹಿಡಿಸುವ ಬಗೆ ಮನಶ್ಶಾಸ್ತ್ರದವರಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರಬೇಕು?

ಸಂಖ್ಯಾ ಪ್ರಕರಣ

ಇಲ್ಲಿ ಎರಡು ಸಂಖ್ಯೆಗಳ ವಿಚಾರಣೆ: ಎಷ್ಟು ಹೆಜ್ಜೆ, ಎಷ್ಟು ದಿನ.

ಹತ್ತು ಸಾವಿರ ಹೆಜ್ಜೆ ಎಂಬ ಮಹಾವಾಕ್ಯವನ್ನು ವೇದದಷ್ಟೇ ಅಪೌರುಷೇಯವೆಂದು ಬೆಂಚಿನ ಅರ್ಧ ಜನ ನಂಬಿದ್ದರು. ಸಂಶೋಧಿಸಿ ನೋಡಿದರೆ ಪೌರುಷೇಯ ಮಾತ್ರವಲ್ಲ, ವ್ಯಾಪಾರಿ ಪೌರುಷೇಯ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಾಮಾಸಾ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಯ ಮೀಟರೊಂದನ್ನು ಮಾರುಕಟ್ಟೆಗೆ ತಂದು, ಅದಕ್ಕೆ ಹತ್ತು ಸಾವಿರ ಹೆಜ್ಜೆಯ ಮೀಟರ್ ಎಂದೇ ಹೆಸರಿಟ್ಟಿತು. ಹೆಸರು ಬಾಯಿಗೆ ಬಂತು, ಬಾಯಿಂದ ಆಸ್ಪತ್ರೆಗೆ ಹೋಯಿತು, ಆಸ್ಪತ್ರೆಯಿಂದ ಚೀಟಿಗೆ ಇಳಿಯಿತು. 2019ರಲ್ಲಿ ಐ-ಮಿನ್ ಲೀ ಮತ್ತು ಸಂಗಡಿಗರು ಅಮೆರಿಕದ ಸುಮಾರು 17 ಸಾವಿರ ವಯಸ್ಸಾದ ಹೆಂಗಸರ ನಡಿಗೆಯನ್ನು ಅಳೆದು ನೋಡಿದಾಗ, ದಿನಕ್ಕೆ ನಾಲ್ಕೂವರೆ ಸಾವಿರದ ಆಸುಪಾಸಿನಲ್ಲೇ ಸಾವಿನ ಭಯ ಸಾಕಷ್ಟು ತಗ್ಗಿತ್ತು. ಏಳೂವರೆ ಸಾವಿರ ದಾಟಿದ ಮೇಲೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಈ ವಾರ್ತೆ ಬೆಂಚಿಗೆ ಮುಟ್ಟಿದ ದಿನ ನಿವೃತ್ತ ಎಂಜಿನಿಯರು ಎದ್ದು ನಿಂತಿದ್ದವರು ಮತ್ತೆ ಕೂತರು.

ಮೀಟರು ಈಗ ಕೈಗಡಿಯಾರದೊಳಕ್ಕೆ ಬಂದಿದೆ. ಜವಳಿ ಶೆಟ್ಟರ ಕೈಗಡಿಯಾರ ಮಾತ್ರ ದಿನವೂ ಹನ್ನೆರಡು ಸಾವಿರ ತೋರಿಸುತ್ತದೆ. ಅವರೋ ಪಶ್ಚಿಮ ದ್ವಾರದಿಂದ ಬೆಂಚಿನವರೆಗೆ ಬಂದವರು ಅಲ್ಲಿಂದಾಚೆ ಹೆಜ್ಜೆ ಇಟ್ಟದ್ದನ್ನು ಕಂಡವರಿಲ್ಲ. ವಿಚಾರಿಸಲಾಗಿ, ಮನೆಗೆ ಹೋದ ಮೇಲೆ ಅದನ್ನು ನಾಲ್ಕು ವರ್ಷದ ಮೊಮ್ಮಗನ ಕೈಗೆ ಕಟ್ಟುತ್ತಾರಂತೆ. “ನಮ್ಮ ಮನೆತನದ ಹೆಜ್ಜೆ ತಾನೇ?” ಎಂಬುದು ಅವರ ಸಮರ್ಥನೆ. ಅವಿಭಕ್ತ ಕುಟುಂಬದ ಲೆಕ್ಕಪತ್ರ ನೋಡಿದವರಿಗೆ ಇದರಲ್ಲಿ ತಪ್ಪು ಕಾಣದು.

ಇನ್ನು ದಿನಗಳ ಲೆಕ್ಕ. ಒಂದು ಅಭ್ಯಾಸ ಮೈಗೂಡಲು 21 ದಿನ ಸಾಕು ಎಂಬುದು ವಾಟ್ಸ್‌ಆ್ಯಪ್ ಸಂಪ್ರದಾಯ. ಇದನ್ನು ಬೆನ್ನಟ್ಟಿ ಹೋದರೆ ಸಿಗುವುದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್. ಮೂಗು ಸರಿ ಮಾಡಿಸಿಕೊಂಡವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ತಮ್ಮದೇ ಅನ್ನಿಸಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂದು ಅವರು 1960ರ ಪುಸ್ತಕದಲ್ಲಿ ಬರೆದರು. ‘ಕನಿಷ್ಠ’ ದಾರಿಯಲ್ಲಿ ಬಿದ್ದುಹೋಯಿತು, ಮೂಗೂ ಬಿದ್ದುಹೋಯಿತು, 21 ಉಳಿಯಿತು. ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹಿಡಿದು, ಊಟದ ಜೊತೆ ಹಣ್ಣು ತಿನ್ನುವುದೋ ಸಂಜೆ ಓಡುವುದೋ ಒಂದನ್ನು ದಿನವೂ ಮಾಡಿಸಿ ನೋಡಿದರೆ, ಸರಾಸರಿ 66 ದಿನ ಬಂತು. ಕೆಲವರಿಗೆ 18, ಕೆಲವರಿಗೆ 254. ನಮ್ಮ ಕಡೆ ಮಂಡಲವೆಂದರೆ 48, ಶಬರಿಮಲೆಗೆ ಮಾಲೆ ಹಾಕಿದವರಿಗೆ 41. ಗಣಿತದ ಮೇಷ್ಟ್ರು 21, 41, 48, 66 ಈ ನಾಲ್ಕನ್ನೂ ಕೂಡಿ ನಾಲ್ಕರಿಂದ ಭಾಗಿಸಿ 44 ಎಂದು ಸಮನ್ವಯ ಮಾಡಿದ್ದಾರೆ. ಶಾಸ್ತ್ರಸಮನ್ವಯ ಇಷ್ಟು ಸುಲಭವೆಂದು ಗೊತ್ತಿದ್ದರೆ ಆಚಾರ್ಯರುಗಳು ಅಷ್ಟೊಂದು ಭಾಷ್ಯ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ದಿಕ್ಕಿನ ಪ್ರಕರಣ

ಬೆಂಗಳೂರಿನ ಕೆಲವು ಪಾರ್ಕುಗಳಲ್ಲಿ ಪ್ರದಕ್ಷಿಣಾಕಾರವಾಗಿಯೇ ನಡೆಯತಕ್ಕದ್ದೆಂದು ಬೋರ್ಡು ಹಾಕಿದ್ದಾರೆ. ಕಾರಣ ಬರೆದಿಲ್ಲ, ಬೋರ್ಡಿನಲ್ಲಿ ಕಾರಣ ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಇದರಿಂದ ನಡಿಗೆಯವರಲ್ಲಿ ಎರಡು ಪಂಥಗಳಾಗಿವೆ. ಪ್ರದಕ್ಷಿಣವಾದಿಗಳು ಬೋರ್ಡನ್ನೂ ದೇವಸ್ಥಾನವನ್ನೂ ಆಧಾರ ಹೇಳುತ್ತಾರೆ. ಅಪ್ರದಕ್ಷಿಣವಾದಿಗಳು ಏನನ್ನೂ ಹೇಳುವುದಿಲ್ಲ, ಎದುರಿಗೆ ಬರುತ್ತಾರೆ, ಅಷ್ಟೇ.

ಈ ಎರಡನೆಯವರನ್ನು ಮೊದಮೊದಲು ಗ್ರಂಥಕರ್ತನೂ ನಾಸ್ತಿಕರೆಂದೇ ಎಣಿಸಿದ್ದ. ಆದರೆ ಸುಖದೃಷ್ಟಿಯಿಂದ ನೋಡಿದರೆ ವಿಷಯ ಬೇರೆಯೇ ಇದೆ. ಎಲ್ಲರೂ ಒಂದೇ ದಿಕ್ಕಿನಲ್ಲಿ ಒಂದೇ ವೇಗದಲ್ಲಿ ನಡೆದರೆ ಜನ್ಮದಲ್ಲಿ ಒಬ್ಬರ ಮುಖ ಇನ್ನೊಬ್ಬರು ನೋಡುವಂತಿಲ್ಲ; ಮುಂದಿನವರ ಬೆನ್ನು, ಬೆನ್ನ ಮೇಲಿನ ಬೆವರು, ಇಷ್ಟೇ ದರ್ಶನ. ಎದುರು ದಿಕ್ಕಿನವನಾದರೋ ಪ್ರತಿ ಸುತ್ತಿನಲ್ಲೂ ಪ್ರತಿಯೊಬ್ಬರನ್ನೂ ಎರಡು ಸಲ ಎದುರಾಗುತ್ತಾನೆ. ಮೊದಲ ಸಲ “ನಮಸ್ಕಾರ”. ಎರಡನೇ ಸಲ ಹೇಳಲು ಏನೂ ಇಲ್ಲದೆ ಒಂದು ನಗು. ಮೂರನೇ ಸಲಕ್ಕೆ “ಇನ್ನೂ ಎಷ್ಟು ರೌಂಡು?” ಆರನೇ ಸಲದ ಹೊತ್ತಿಗೆ ಮಗಳ ಜಾತಕ ಕೈ ಬದಲಾಯಿಸಿರುತ್ತದೆ. ಮೇಷ್ಟ್ರು ಇದನ್ನು ಮರಳಿನ ಮೇಲೆ ಕಡ್ಡಿಯಿಂದ ವೃತ್ತ ಬರೆದು ಸಾಧಿಸಿ ತೋರಿಸಿದರು.

ವಾಗ್ಭಟನ ಅದೇ ದಿನಚರ್ಯೆಯ ಅಧ್ಯಾಯದಲ್ಲಿ, ಹಲ್ಲುಕಡ್ಡಿ, ಕಾಡಿಗೆ, ಎಣ್ಣೆನೀರು ಎಲ್ಲ ಮುಗಿದ ಮೇಲೆ, ಜನ ಸಾಮಾನ್ಯವಾಗಿ ಓದದೆ ಬಿಡುವ ಭಾಗ ಒಂದಿದೆ. ಎದುರಾದವರನ್ನು ತಾನೇ ಮೊದಲು ಮಾತಾಡಿಸಬೇಕು, ಮುಖ ಪ್ರಸನ್ನವಾಗಿರಬೇಕು ಎಂದಿದ್ದಾನೆ. ಅದರ ಹಿಂದೆಯೇ, ಒಬ್ಬನೇ ಸುಖಪಡಬಾರದು ಎಂಬ ಅಪ್ಪಣೆ. ಆಯುರ್ವೇದದ ಅಂಗಡಿಯಲ್ಲಿ ಎಣ್ಣೆ ಸಿಗುತ್ತದೆ, ಚೂರ್ಣ ಸಿಗುತ್ತದೆ. ಇದು ಸೀಸೆಗೆ ತುಂಬುವಂಥದ್ದಲ್ಲದ್ದರಿಂದ ಪ್ರಚಾರಕ್ಕೆ ಬರಲಿಲ್ಲ.

ಹಾಸ ಪ್ರಕರಣ

ಗಾಜಿನ ಮನೆಯ ಕಡೆಗೆ ಹೋದರೆ, ವೃತ್ತಾಕಾರವಾಗಿ ನಿಂತ ಕೆಲವರು ಎರಡೂ ಕೈ ಮೇಲೆತ್ತಿ ಹೋ ಹೋ ಹಾ ಹಾ ಎನ್ನುತ್ತಿರುತ್ತಾರೆ. ಹೊಸಬರು ಗಾಬರಿಯಾಗಬಾರದು. ಈ ಸಂಪ್ರದಾಯದ ಮೂಲಪುರುಷ ಮುಂಬಯಿಯ ಡಾಕ್ಟರ್ ಮದನ್ ಕಟಾರಿಯಾ. 1995ರ ಮಾರ್ಚಿನಲ್ಲಿ ಪಾರ್ಕೊಂದರಲ್ಲಿ ಐದು ಜನರಿಂದ ಶುರುವಾಯಿತು. ಮೊದಲು ಒಬ್ಬೊಬ್ಬರಾಗಿ ಜೋಕು ಹೇಳುತ್ತಿದ್ದರಂತೆ. ಎರಡು ವಾರದೊಳಗೆ ಒಳ್ಳೆಯ ಜೋಕುಗಳ ದಾಸ್ತಾನು ಮುಗಿದು, ಉಳಿದವು ಹೆಂಗಸರ ಮುಂದೆ ಹೇಳುವಂಥವಾಗಿರಲಿಲ್ಲ. ಆಗ ಡಾಕ್ಟರು ಜೋಕನ್ನೇ ಕೈಬಿಟ್ಟು ನಗುವನ್ನು ಮಾತ್ರ ಉಳಿಸಿಕೊಂಡರು. ಬೀಜವಿಲ್ಲದ ದ್ರಾಕ್ಷಿಯ ನಂತರ ಭಾರತ ಕಂಡ ದೊಡ್ಡ ಸುಧಾರಣೆ ಇದೇ ಇರಬೇಕು.

ಕಾರಣವಿಲ್ಲದೆ ನಗುವುದು ಕನ್ನಡಿಗರಿಗೆ ಸ್ವಲ್ಪ ಕಷ್ಟ. 1942ರಲ್ಲಿ ‘ಕೊರವಂಜಿ’ ಎಂಬ ನಗೆ ಮಾಸಪತ್ರಿಕೆ ಹೊರಡಿಸಿದವರೂ ಡಾಕ್ಟರೇ, ರಾಶಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಎಂ. ಶಿವರಾಂ. ಮುಂಬಯಿಯ ವೈದ್ಯರು ಎರಡು ವಾರದಲ್ಲಿ ಮುಗಿಸಿದ ದಾಸ್ತಾನನ್ನು ಬೆಂಗಳೂರಿನ ವೈದ್ಯರು ಇಪ್ಪತ್ತೈದು ವರ್ಷ ಎಳೆದರು. ಈಗಲೂ ನಮ್ಮ ಬೆಂಚಿನವರು ಆ ವೃತ್ತದ ಕಡೆ ಹೋಗುವುದಿಲ್ಲ. “ನಾವು ಕಾರಣ ಇದ್ರೇನೇ ನಗೋದು ಕಷ್ಟ, ಇನ್ನು ಇಲ್ದೆ ನಗೋದುಂಟಾ?” ಎನ್ನುತ್ತಾರೆ ಮ್ಯಾನೇಜರು. ಆದರೆ ಅಲ್ಲಿ ನಗುವವರನ್ನು ಇಲ್ಲಿಂದ ನೋಡಿ ದಿನವೂ ನಗುತ್ತಾರೆ.

ಧ್ಯಾನ ಪ್ರಕರಣ

ಈ ಪ್ರಕರಣದ ಸಾಮಗ್ರಿ ಸಂಗ್ರಹಿಸಲು ಕಣ್ಣು ಮುಚ್ಚಿ ಕೂತಾಗ ನಿದ್ದೆ ಬಂದದ್ದರಿಂದ ಇದು ಮುಂದಿನ ಮುದ್ರಣದಲ್ಲಿ ಸೇರುತ್ತದೆ.

ಬೆಂಚಿನ ಪ್ರಕರಣ

ಇದು ಗ್ರಂಥದ ಹೃದಯ. ಉಳಿದದ್ದನ್ನು ಓದದವರೂ ಇದನ್ನು ಓದಬೇಕು.

ಪೂರ್ವಪಕ್ಷ ಹೀಗಿದೆ: ಸುಖ ಬರುವುದು ನಡಿಗೆಯಿಂದ, ಬೆಂಚು ಕೇವಲ ವಿಶ್ರಾಂತಿ. ಈ ಪಕ್ಷದವರ ಮನೆಯಲ್ಲಿ ಟ್ರೆಡ್‌ಮಿಲ್ ಇರುತ್ತದೆ, ಅದರ ಮೇಲೆ ಒಗೆದ ಬಟ್ಟೆ ಒಣಗುತ್ತಿರುತ್ತದೆ. ನಡಿಗೆಯೇ ಸುಖಕಾರಣವಾಗಿದ್ದರೆ ಆ ಬಟ್ಟೆಗೆ ಅಲ್ಲೇನು ಕೆಲಸ ಎಂಬ ಒಂದೇ ಪ್ರಶ್ನೆಗೆ ಈ ಪಕ್ಷ ಬಿದ್ದುಹೋಗುತ್ತದೆ.

ಎರಡನೆಯ ಪೂರ್ವಪಕ್ಷ ಕೃತಜ್ಞತಾವಾದಿಗಳದ್ದು. ಇವರು ಬಲಶಾಲಿಗಳು, ಕೈಯಲ್ಲಿ ಡೈರಿ ಇದೆ. 2003ರಲ್ಲಿ ಎಮನ್ಸ್, ಮೆಕಲೋ ಎಂಬ ಇಬ್ಬರು ವಿದ್ವಾಂಸರು ವಿದ್ಯಾರ್ಥಿಗಳನ್ನು ಗುಂಪು ಮಾಡಿ, ಒಂದು ಗುಂಪಿನಿಂದ ವಾರವಾರವೂ ತಮಗಾದ ಒಳಿತುಗಳನ್ನು ಬರೆಸಿದರು, ಇನ್ನೊಂದು ಗುಂಪಿನಿಂದ ಕಿರಿಕಿರಿಗಳನ್ನು. ಹತ್ತು ವಾರದ ನಂತರ ಒಳಿತು ಬರೆದವರು ಬದುಕಿನ ಬಗ್ಗೆ ಹೆಚ್ಚು ನೆಮ್ಮದಿಯಿಂದಿದ್ದರು. ಆದ್ದರಿಂದ ಕಿರಿಕಿರಿ ಎಣಿಸಬಾರದು ಎಂಬುದು ಇವರ ವಾದ.

ಈಗ ಬೆಂಚನ್ನು ನೋಡಿ. ಮ್ಯಾನೇಜರು ಕೂರುತ್ತಲೇ ಮೊಣಕಾಲು ತೆಗೆಯುತ್ತಾರೆ. ಎಂಜಿನಿಯರು ಅದಕ್ಕೆ ತಮ್ಮ ಬೆನ್ನನ್ನು ಜೋಡಿಸುತ್ತಾರೆ. ಶೆಟ್ಟರು ಚಿನ್ನದ ರೇಟು, ಆನ್‌ಲೈನಿನಲ್ಲಿ ಸೀರೆ ಕೊಳ್ಳುವ ಹೆಂಗಸರು, ಸೀರೆಯನ್ನೇ ಉಡದ ಹುಡುಗಿಯರು ಎಂದು ಮೂರು ದುಃಖಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮೇಷ್ಟ್ರದ್ದು ಒಂದೇ ದುಃಖ, ಕ್ಯಾಲ್ಕುಲೇಟರು. ಆಮೇಲೆ ಎಲ್ಲರೂ ಸೇರಿ ರಸ್ತೆಯ ಗುಂಡಿಗೆ ಇಳಿಯುತ್ತಾರೆ, ಅಲ್ಲಿಂದ ಬೇಗ ಮೇಲೆ ಬರುವುದಿಲ್ಲ. ನಲವತ್ತು ನಿಮಿಷ ಒಂದೇ ಒಂದು ಒಳಿತಿನ ಪ್ರಸ್ತಾಪ ಇಲ್ಲ. ಕೃತಜ್ಞತಾವಾದದ ಪ್ರಕಾರ ಇವರೆಲ್ಲ ಏಳುವ ಹೊತ್ತಿಗೆ ಕುಸಿದು ಹೋಗಿರಬೇಕು. ಏಳುತ್ತಾರೆ, ಷೂ ಲೇಸು ಕಟ್ಟಿಕೊಳ್ಳುತ್ತಾರೆ, “ಬರೋಣ್ವೇನ್ರೀ, ಹಗುರಾಯ್ತು” ಎನ್ನುತ್ತಾರೆ. ಮೊಣಕಾಲು ಹಾಗೇ ಇದೆ.

ಸಿದ್ಧಾಂತ: ಆ ವಿದ್ಯಾರ್ಥಿಗಳು ಕಿರಿಕಿರಿಯನ್ನು ಒಬ್ಬೊಬ್ಬರೇ ಕೂತು ಬರೆದರು, ಇವರು ಐದು ಜನ ಕೂತು ಹೇಳುತ್ತಾರೆ. ಕಾಗದ “ಅಯ್ಯೋ, ನಂದೂ ಅದೇ ಕಥೆ” ಎನ್ನುವುದಿಲ್ಲ. ಈ ಒಂದು ವಾಕ್ಯ ಹೇಳುವ ಶಕ್ತಿ ಇರುವ ಡೈರಿ ಇನ್ನೂ ಮಾರುಕಟ್ಟೆಗೆ ಬಂದಿಲ್ಲ. ಬಂದರೆ ಈ ಸಿದ್ಧಾಂತವನ್ನು ಪರಿಷ್ಕರಿಸಲಾಗುವುದು.

ಹಾರ್ವರ್ಡಿನವರು 1938ರಿಂದ 724 ಗಂಡಸರ ಬೆನ್ನು ಹತ್ತಿ, ಅವರ ರಕ್ತ, ಮೂತ್ರ, ಮದುವೆ, ಮನೆವಾರ್ತೆ ಎಲ್ಲವನ್ನೂ ಬರೆದಿಟ್ಟುಕೊಂಡು ಬಂದಿದ್ದಾರೆ. ಐವತ್ತರ ವಯಸ್ಸಿನಲ್ಲಿ ಯಾರಿಗೆ ತಮ್ಮವರ ಜೊತೆ ಸಂಬಂಧ ಚೆನ್ನಾಗಿತ್ತೋ ಎಂಬತ್ತರಲ್ಲಿ ಅವರೇ ಗಟ್ಟಿಯಾಗಿದ್ದರು. ಕೊಲೆಸ್ಟರಾಲ್ ನೋಡಿ ಅಷ್ಟು ಸರಿಯಾಗಿ ಭವಿಷ್ಯ ಹೇಳಲು ಆಗಲಿಲ್ಲ ಎಂಬುದು ಅಲ್ಲಿಯ ನಿರ್ದೇಶಕ ರಾಬರ್ಟ್ ವಾಲ್ಡಿಂಗರ್ ಮಾತಿನ ಸಾರ. ಇದನ್ನು ಕೇಳಿ ಮ್ಯಾನೇಜರು ಕೊಲೆಸ್ಟರಾಲ್ ಮಾತ್ರೆ ನಿಲ್ಲಿಸುವ ವಿಚಾರ ಮಾಡಿದ್ದರು. ಶಾಸ್ತ್ರ ಅಷ್ಟು ದೂರ ಹೋಗಲು ಒಪ್ಪುವುದಿಲ್ಲ. ಅವರ ಮನೆಯವರಂತೂ ಒಪ್ಪಲೇ ಇಲ್ಲ.

ಆಪ್ತ ಸ್ನೇಹಿತರೇ ಬೇಕೆಂದಿಲ್ಲ ಎಂಬುದು ಉಪಸಿದ್ಧಾಂತ. ಸ್ಯಾಂಡ್‌ಸ್ಟ್ರಾಮ್, ಡನ್ ಎಂಬ ಇಬ್ಬರು 2014ರಲ್ಲಿ ಕಾಫಿ ಅಂಗಡಿಗೆ ಹೋಗುವ ಕೆಲವರಿಗೆ, ಕಾಫಿ ಕೊಡುವವನ ಜೊತೆ ನಕ್ಕು ನಾಲ್ಕು ಮಾತಾಡಿ ಬನ್ನಿ ಎಂದರು. ಕೆಲವರಿಗೆ, ದುಡ್ಡು ಸಿದ್ಧ ಇಟ್ಟುಕೊಂಡು ಚಟಪಟ ಮುಗಿಸಿ ಬನ್ನಿ ಎಂದರು. ಮಾತಾಡಿ ಬಂದವರೇ ಹೆಚ್ಚು ಖುಷಿಯಾಗಿದ್ದರು. ಗಾಂಧಿ ಬಜಾರಿನ ಸೊಪ್ಪಿನವಳ ಹತ್ತಿರ ಮೊದಲು ಎಷ್ಟು ಶಾಸ್ತ್ರ ನಡೆಯುತ್ತಿತ್ತು: ಕಟ್ಟು ಸಣ್ಣದಾಯಿತೆಂಬ ಆಕ್ಷೇಪ, ಮಳೆಯ ಸಮಾಧಾನ, ಚಿಲ್ಲರೆ ಇಲ್ಲವೆಂಬ ಕೊರಗು, ಚಿಲ್ಲರೆಗೆ ಬದಲು ಎರಡು ಎಸಳು ಕರಿಬೇವು. ಈಗ ಫೋನು ತೋರಿಸಿ ಹೊರಡುತ್ತಾರೆ. ಇಡೀ ವ್ಯವಹಾರದಲ್ಲಿ ಬಾಯಿ ಬಿಡುವುದು ಗಾಡಿಗೆ ನೇತುಹಾಕಿದ ಡಬ್ಬಿ ಒಂದೇ. ಇಪ್ಪತ್ತು ರೂಪಾಯಿ ಬಂತೆಂದು ಅದು ಗಟ್ಟಿಯಾಗಿ ಸಾರುತ್ತದೆ. ಸದ್ಯಕ್ಕೆ ಆ ಬೀದಿಯಲ್ಲಿ ವಾಗ್ಭಟನ ಅಪ್ಪಣೆಯಂತೆ ಮೊದಲು ಮಾತಾಡುತ್ತಿರುವುದು ಅದೇ.

ಲೋಪ ಪ್ರಕರಣ

ಒಂದು ದಿನ ತಪ್ಪಿಸಿದರೆ ಅಭ್ಯಾಸ ಕೆಡುತ್ತದೆಯೇ? ಮೇಲೆ ಹೇಳಿದ ಲ್ಯಾಲಿಯವರ ಅಧ್ಯಯನದ ಪ್ರಕಾರ, ಒಂದು ದಿನದ ಲೋಪದಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ. ಬೆಂಚಿನ ಸಂವಿಧಾನ ಇದಕ್ಕಿಂತ ಕಠಿಣ. ಮೊದಲ ದಿನ ಬರದವನ ಬಗ್ಗೆ ಮಾತಾಡುತ್ತಾರೆ. ಅದೇ ಅವನಿಗೆ ಶಿಕ್ಷೆ. ಎರಡನೇ ದಿನ ಫೋನು. ಮೂರನೇ ದಿನ ಮಂಕಿ ಕ್ಯಾಪು ಸಮೇತ ನಿಯೋಗ ಮನೆಗೆ ಹೊರಡುತ್ತದೆ. ಮೇಷ್ಟ್ರಿಗೆ ಜ್ವರ ಬಂದಾಗ ಹೀಗೇ ಆಯಿತು.

“ಏನಮ್ಮಾ, ಮೇಷ್ಟ್ರು ಮೂರು ದಿನದಿಂದ ಕಾಣ್ಲಿಲ್ವಲ್ಲ?”

“ಬನ್ನಿ ಬನ್ನಿ, ಒಳಗಿದಾರೆ. ಎರಡು ದಿನದಿಂದ ನನ್ ಹತ್ರ ಒಂದು ಮಾತಿಲ್ಲ. ಗೋಡೆ ನೋಡ್ಕೊಂಡು ಮಲ್ಗಿದಾರೆ. ನೀವಾದ್ರೂ ಮಾತಾಡ್ಸಿ.”

ನಾಲ್ವರೂ ಮಂಚದ ಸುತ್ತ ಕೂತರು. ಎಂಜಿನಿಯರು ತಮಗೆ ಹಿಂದೆ ಬಂದಿದ್ದ ಜ್ವರ ಇದಕ್ಕಿಂತ ಎರಡು ಡಿಗ್ರಿ ಜಾಸ್ತಿ ಇತ್ತೆಂದರು. ಮೇಷ್ಟ್ರು ಎದ್ದು ಕೂತು, ಎಷ್ಟು ಡಿಗ್ರಿ, ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಎಂದು ಕೇಳಿದರು. ಅಲ್ಲಿಂದ ಜಗಳ ಶುರುವಾಗಿ, ಕಾಫಿ ಬಂದು, ಮೇಷ್ಟ್ರು ದಿಂಬಿನ ಕೆಳಗಿನಿಂದ ಪೆನ್ಸಿಲ್ ತೆಗೆದರು. ಪ್ಯಾರಾಸಿಟಮಾಲ್ ಕೂಡ ತೆಗೆದುಕೊಂಡಿದ್ದರೆಂಬುದನ್ನು ಪ್ರಾಮಾಣಿಕತೆಗಾಗಿ ದಾಖಲಿಸಬೇಕು.

ರಸ ಪ್ರಕರಣ ಹಾಗೂ ಋಣ ಪ್ರಕರಣ

ಗೇಟಿನ ಹೊರಗೆ ಸ್ಟೀಲು ಕ್ಯಾನುಗಳಲ್ಲಿ ಬೂದುಗುಂಬಳದ ರಸ, ಹಾಗಲಕಾಯಿ ರಸ, ಗರಿಕೆ ರಸ ಇಟ್ಟುಕೊಂಡು ಮಾರುತ್ತಾರೆ. ಎಲ್ಲವೂ ಹಸಿರು, ಎಲ್ಲವೂ ಒಳ್ಳೆಯದು. ಕುಡಿದವರ ಮುಖ ನೋಡಿದರೆ ಸುಖಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ತಿಳಿಯುವುದರಿಂದ ವಿಸ್ತರಿಸುವುದಿಲ್ಲ.

ನಿಜವಾದ ರಸಸಿದ್ಧಾಂತ ಹೋಟೆಲಿನಲ್ಲಿದೆ. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. 1924ರದ್ದು, ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಸೋಮವಾರ ಎಂ.ಟಿ.ಆರ್.ಗೆ ರಜೆ, ಶುಕ್ರವಾರ ವಿದ್ಯಾರ್ಥಿ ಭವನಕ್ಕೆ. ಎರಡಕ್ಕೂ ಒಂದೇ ದಿನ ಬಾಗಿಲು ಹಾಕದಂತೆ ಏರ್ಪಟ್ಟಿರುವ ಈ ವ್ಯವಸ್ಥೆಯನ್ನು ಕಂಡು ಈಶ್ವರನ ಅಸ್ತಿತ್ವಕ್ಕೆ ಹೊಸ ಪ್ರಮಾಣ ಸಿಕ್ಕಿತೆಂದು ಶೆಟ್ಟರು ವಾದಿಸುತ್ತಾರೆ. ನಾಲ್ಕು ಕಿಲೋಮೀಟರ್ ನಡೆದು ಕರಗಿಸಿದ್ದನ್ನು ಒಂದು ಬೆಣ್ಣೆ ಮಸಾಲೆ ವಾಪಸು ತಂದು ಬಡ್ಡಿಯನ್ನೂ ಸೇರಿಸುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಅವರಿಗೆ ಮತ್ತೆ ವಾಗ್ಭಟನೇ ಉತ್ತರ: ಅರ್ಧ ಶಕ್ತಿ ಖರ್ಚಾಗುವಷ್ಟು ವ್ಯಾಯಾಮವನ್ನು ಅವನು ಹೇಳಿರುವುದು ಬಲವಂತರಿಗೆ ಮತ್ತು ಜಿಡ್ಡಿನ ಆಹಾರ ತಿನ್ನುವವರಿಗೆ. ಅಂದರೆ ದೋಸೆ ತಿನ್ನದವನಿಗೆ ನಡೆಯುವ ಅಧಿಕಾರವೇ ಅನುಮಾನ. 2025ರ ಸಂತೋಷ ವರದಿಯೂ ಜೊತೆಗೂಡಿ ಉಣ್ಣುವುದರ ಮೇಲೆ ಒಂದು ಅಧ್ಯಾಯವನ್ನೇ ಬರೆದು, ಹಾಗೆ ಉಣ್ಣುವವರು ತಮ್ಮ ಏಣಿಯಲ್ಲಿ ಮೇಲಿದ್ದಾರೆಂದು ಕಂಡುಕೊಂಡಿದೆ. ಐದು ಜನರಿಗೆ ಬೈಟು ಕಾಫಿ ಎಂದರೆ ಎರಡೂವರೆ ಲೋಟವಾಗುತ್ತದೆ; ಆ ಅರ್ಧ ಲೋಟ ಯಾರದ್ದೆಂಬ ಚರ್ಚೆ ಆ ಅಧ್ಯಾಯದಲ್ಲಿ ಇಲ್ಲದಿರುವುದು ದೊಡ್ಡ ಕೊರತೆ.

ಕೊನೆಗೆ ಬಿಲ್ಲು. ಡನ್, ಆಕ್ನಿನ್, ನಾರ್ಟನ್ ಎಂಬ ಮೂವರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆಳಿಗ್ಗೆ ಕೆಲವರ ಕೈಗೆ ಐದು ಅಥವಾ ಇಪ್ಪತ್ತು ಡಾಲರ್ ಕೊಟ್ಟು, ಅರ್ಧ ಜನಕ್ಕೆ ನಿಮಗೇ ಖರ್ಚು ಮಾಡಿಕೊಳ್ಳಿ ಎಂದರು, ಇನ್ನರ್ಧಕ್ಕೆ ಬೇರೆಯವರಿಗೆ ಖರ್ಚು ಮಾಡಿ ಎಂದರು. ಸಂಜೆಗೆ ಬೇರೆಯವರಿಗೆ ಖರ್ಚು ಮಾಡಿದವರೇ ಹೆಚ್ಚು ಸುಖಿಗಳಾಗಿದ್ದರು. ಈ ಪ್ರಮಾಣದ ಬೆಳಕಿನಲ್ಲಿ ನಮ್ಮ ಮ್ಯಾನೇಜರ ನಡವಳಿಕೆಯನ್ನು ನೋಡಬೇಕು. ಸರ್ವರ್ ಬಿಲ್ಲಿನ ತಟ್ಟೆ ಹಿಡಿದು ಮೂರು ಟೇಬಲ್ ಆಚೆ ಇರುವಾಗಲೇ ಅವರಿಗೆ ಕೈ ತೊಳೆಯುವ ಮುಹೂರ್ತ ಕೂಡಿಬರುತ್ತದೆ. ಹಿಂತಿರುಗುವ ಹೊತ್ತಿಗೆ ತಟ್ಟೆಯಲ್ಲಿ ಸೋಂಪು ಮಾತ್ರ ಉಳಿದಿರುತ್ತದೆ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು “ಅಯ್ಯೋ, ಕೊಟ್ಬಿಟ್ರಾ?” ಎನ್ನುತ್ತಾರೆ. ಇಷ್ಟು ದೊಡ್ಡ ಸುಖವನ್ನು ದಿನವೂ ಬೇರೆಯವರಿಗೆ ಬಿಟ್ಟುಕೊಡುವ ಇಂಥ ತ್ಯಾಗಿಯನ್ನು ಯಾವ ಸಂಶೋಧಕನೂ ಕಂಡಿರಲಾರ.

ತ್ಯಾಗಕ್ಕೂ ಮಿತಿ ಬೇಕೆಂಬುದು ಉಳಿದವರ ಅಭಿಪ್ರಾಯ. ಬರುವ ಸೋಮವಾರ ವಿದ್ಯಾರ್ಥಿ ಭವನದಲ್ಲಿ ಅವರನ್ನು ಗೋಡೆಯ ಕಡೆಗೆ ಕೂರಿಸಿ, ಈಚೆಗೆ ಶೆಟ್ಟರನ್ನು ಅಡ್ಡ ಇಡುವುದೆಂದು ಎಂಜಿನಿಯರು ನಕ್ಷೆ ಹಾಕಿದ್ದಾರೆ. ಶೆಟ್ಟರ ಸೊಂಟದ ಸುತ್ತಳತೆ ಇದಕ್ಕೆ ಸಾಕಾಗುತ್ತದೆಂದು ಮೇಷ್ಟ್ರು ಲೆಕ್ಕ ಮಾಡಿ ಒಪ್ಪಿಗೆ ಕೊಟ್ಟಾಗಿದೆ.